ಏರಿನಾಗ ಅಷ್ಟ

ಮೂರನೇ ಸಲ ಬಂದಾನ ಯಲಗೂರದಪ್ಪ, ಇದ ತಿಂಗಳದಾಗ.
ಕೆಳಗ ಇಳಿಯೂಕಿಂತ ಮೊದಲ ಬೈಗಳ ಇಳದ್ವು.
ಬ್ರೇಕಿನ ಪೆಡಲು ಕಲ್ಲಾಗ್ತದ ಉಸ್ತಾದ,
ಎದ್ದು ನಿಂತು ತುಳದ್ರೂ ಕೆಳಗ ಹೋಗೂದಿಲ್ಲ.
ಅದ ಹೊತ್ತಿಗೆ ಎಸಿ ಗಾಳಿ
ನನ್ನ ಮಾರಿ ಬಿಟ್ಟು ಮುಂದಿನ ಗಾಜಿಗೆ ಬಡೀತದ.
ಹತ್ತು ಎಣಿಸೂದ್ರಾಗ ಮತ್ತ ಮೊದಲಿನಂಗ,
ಏನೂ ಆಗೇ ಇಲ್ಲ ಅನ್ನೋಹಂಗ.

ಎಲ್ಲಿ?
ಕೊಲ್ಹಾರದ ಸೇತುವಿ ದಾಟಿ, ಏರಿನಾಗ ಅಷ್ಟ.
ಎಲ್ಲಾ ಸಲ?
ಇಲ್ಲ. ಅದರ ಮನಸಿಗೆ ಬಂದಾಗ.

ಮನಸು ಇರೂದು ನಮಗ. ಗಾಡಿಗೆ ಇರೂವು ಪೈಪು.

ಇಂಡಿ ರೋಡಿನ ನನ್ನ ಗ್ಯಾರೇಜಿನ ಮುಂದ ನಿಂತ್ರ
ಇದರಂಥಾ ಸಂಭಾವಿತ ಅಳಿಯ ಇನ್ನೊಬ್ಬ ಇಲ್ಲ.
ಗೇಜಿನ ಮುಳ್ಳು ಇಪ್ಪತ್ನಾಕರ ಮ್ಯಾಲೆ
ಗ್ವಾಡಿಗೆ ಮಳಿ ಬಡದಂಗ ನಿಂತಿರ್ತದ.
ಮೊದಲನೇ ಸಲ ಪಂಪು ಬದಲಿ ಮಾಡಿದೆ.
ಎರಡನೇ ಸಲ ವಾಲ್ವು.
ಎರಡೂ ಚಲೋನ ಇದ್ವು.
ರೊಕ್ಕ ತಗೊಂಡೀನಿ. ಆ ಮಾತು ಆಮ್ಯಾಲೆ.

ಬ್ರೇಕಿಗೂ ಎಸಿಗೂ ಏನು ಬೀಗತನ ಉಸ್ತಾದ?
ಗೈಬು ಕೇಳತಾನ, ಹದಿನೇಳರ ಹುಡುಗ, ಪಾನಾ ವರಸ್ಕೋತ.
ಎರಡಕ್ಕೂ ಒಂದ ಪಂಪು, ಬಾ ಇಲ್ಲಿ ನೋಡು.
ಈ ಕೊಳವಿಯಾಗ ಹರಿಯೂದು ಏನೂ ಇಲ್ಲ,
'ಇಲ್ಲ' ಅನ್ನೂದ ಹರೀತದ.
ಹೊರಗಿನ ಗಾಳಿ ಚೂರು ಹೊಕ್ರೂ ಅದು ಸತ್ತಂಗ.
ಯಲಗೂರದಪ್ಪ ತಂಬಾಕ ಉಗುಳಿ ಅಂದ:
ಪ್ರವಚನ ಸಾಕು ಮಾರಾಯಾ, ಗಾಡಿ ನೋಡು.

ಮೊದಲಾದ್ರ ಕಿವಿ ಸಾಕಾಗ್ತಿತ್ತು.
ಸೂಜಿ ಮೊನಿಯಷ್ಟು ತೂತು, ಹತ್ತು ಹೆಜ್ಜಿ ದೂರ,
ಸುಂಯ್ ಅನ್ನೂದು ನನ್ನ ಹೆಸರು ಕರದಂಗ ಕೇಳ್ತಿತ್ತು.
ಈಗ ಎಡಗಿವಿ ಪೂರಾ ಬಂದು.
ಬಲಗಿವಿ ಬರ್ತದ, ಹೋಗ್ತದ.
ಯಾರಿಗೂ ಹೇಳಿಲ್ಲ.
ಊದಿನಕಡ್ಡಿ ಹಚ್ಚಿ ಕೊಳವಿಗುಂಟ ಹಿಡೀತೀನಿ,
ಹೊಗಿ ಎಲ್ಲಿ ಒಳಗ ಸೊಟ್ಟಾಗ್ತದ ಅಂತ.
ಹೊಗಿ ನೆಟ್ಟಗ ಮ್ಯಾಲ ಹೋತು.

ಹೋಗು, ಉಳ್ಳಾಗಡ್ಡಿ ತುಂಬಿಸ್ಕೊಂಡು ಬಾ ಅಂದೆ.
ಎಂಬತ್ತು ಚೀಲ. ಹೊರಿ ಇಲ್ಲದ ಖರೇ ಹೇಳೂ ಗಾಡಿ ಅಲ್ಲ ಇದು.

ಗೇಜು ನನ್ನ ತೊಡಿ ಮ್ಯಾಲೆ.
ಇಂಜಿನ್ನಿನ ಮುಚ್ಚಳ ಬಿಚ್ಚಿ ಬಾಜೂಕ ಗೈಬು,
ಮಳಕಾಲು ಸುಡಾಕತ್ತಾವ ಅನಕೋತ.
ಸೇತುವಿ ಮ್ಯಾಲೆ ಎರಡೂ ಕಡಿ ನೀರು, ಮುಳ್ಳು ಗಪ್ಪು.
ಏರು ಸುರು ಆತು. ಮುಂದ ಕಬ್ಬಿನ ಟ್ರ್ಯಾಕ್ಟರು.
ಮೂರನೇ ಗೇರು, ಎರಡನೇದು,
ಯಲಗೂರದಪ್ಪ ಎಕ್ಸಲೇಟರ್ ಒತ್ತಿದ.
ಇಪ್ಪತ್ತು. ಹದಿನಾಕು. ಏಳು.
ನನ್ನ ಮಾರಿ ಮ್ಯಾಲಿನ ತಂಪು ಎದ್ದು ಹೋತು.

ಗೈಬುನ ಬಾಯಿ ಅಗಲ ತೆರದಿತ್ತು.
ಏನು ಒದರಿದ್ನೋ. ನನಗ ಬಾಯಿ ಅಷ್ಟ ಕಾಣತು.
ಆಮ್ಯಾಲೆ ಬೆರಳು ಕಾಣತು,
ಬೆರಳಿನ ತುದಿಗೆ ಇಂಜಿನ್ನು,
ಮಲಗಿದ ಎಮ್ಮಿ ಮಗ್ಗಲಾ ಬದಲಿ ಮಾಡಿದಂಗ
ಒಂದು ಕಡಿ ಎದ್ದು ವಾಲಿತ್ತು.
ಅಡಿಯ ರಬ್ಬರು ಹರದದ.
ಭಾರ ಬಿದ್ದಾಗ ಇಂಜಿನ್ನು ವಾಲತದ, ವಾಲಿದಾಗ ಕೊಳವಿ ಜಗ್ಗತದ,
ಜಗ್ಗಿದಾಗ ಕ್ಲಿಪ್ಪಿನ ಕೆಳಗಿನ ಸೀಳು ಬಾಯಿ ಬಿಡತದ.
ಸಪಾಟ ಬಂತು ಅಂದ್ರ ತುಟಿ ಕೂಡಸ್ತದ.

ನಾ ಹೇಳೂಕಿಂತ ಮೊದಲ ಗೈಬು ಹೆಬ್ಬಟ್ಟು ಇಟ್ಟ.
ಹತ್ತು. ಹದಿನೆಂಟು. ಇಪ್ಪತ್ಮೂರು.
ಪೆಡಲು ಬೆಣ್ಣಿ ಆತು ಅಂತ ಯಲಗೂರದಪ್ಪ ಸೀಟಿನಾಗ ಜಿಗದ.
ಏರು ಮುಗಿಯೂತನಕ ಹುಡುಗ ಬೆರಳು ತಗೀಲಿಲ್ಲ.

ರಬ್ಬರು, ಗೇಣು ಕೊಳವಿ, ಎರಡು ಕ್ಲಿಪ್ಪು.
ಪಂಪಿನ ರೊಕ್ಕ ಮುರಕೋ, ಕೂಲಿ ಬ್ಯಾಡ ಅಂದೆ.
ಅಂವ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ,
ಒಂದು ಚೀಲ ಉಳ್ಳಾಗಡ್ಡಿ ಇಳಿಸಿ ಹೋದ.

ಹೆಬ್ಬಟ್ಟಿಗೆ ಕೊಬ್ರಿ ಎಣ್ಣಿ ಹಚ್ಕೋತ ಗೈಬು ಕೇಳಿದ:
ಅಷ್ಟು ದೊಡ್ಡ ಸಪ್ಪಳ, ನಿಮಗ ಕೇಳಲಿಲ್ಲೇನು ಉಸ್ತಾದ?
ಯಾವ ಸಪ್ಪಳ, ಅಂದೆ.
ನಕ್ಕ.
ಆಮ್ಯಾಲೆ ನಗೂದು ಬಿಟ್ಟ.

ಮರುದಿನದಿಂದ
ನನ್ನ ಬಲಕ್ಕ ನಿಂತು ಮಾತಾಡಾಕ ಹತ್ಯಾನ.